ಉಬ್ಬಿದ ಕಲೆಗೆ ಹುಲ್ಲಿನೆಣ್ಣೆ

ತರೀಕೆರೆಯ ನಜೀರ್ ಅಹಮದ್‌ಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಅವನ ಮೂಗಿನ ಮುಂದೆ ಯಾರೂ ನಿಲ್ಲುವಂತಿರಲಿಲ್ಲ. ಸೀಸೆಯ ಬಿರಡೆ ತೆಗೆದು ಒಂದು ಸಲ ಮೂಸಿದರೆ ಸಾಕು, ಹುಲ್ಲನ್ನು ಹಸಿಯಾಗಿ ಬೇಯಿಸಿದ್ದೋ ಬಾಡಿಸಿ ಬೇಯಿಸಿದ್ದೋ, ಬೆಂಕಿ ಜಾಸ್ತಿಯಾಗಿತ್ತೋ ಕಡಿಮೆಯಾಗಿತ್ತೋ ಹೇಳಿಬಿಡುತ್ತಿದ್ದ. ಅವನ ಅಪ್ಪ ಶುಕ್ರವಾರಗಳಂದು ಮಸೀದಿಯ ಮೆಟ್ಟಿಲ ಬಳಿ ಮರದ ಪೆಟ್ಟಿಗೆ ಇಟ್ಟುಕೊಂಡು ಅತ್ತರು ಮಾರುತ್ತಿದ್ದವರು. ಮಗ ಅತ್ತರಿನಿಂದ ಎಣ್ಣೆಗೆ ಬಂದ. ಲಿಂಗದಹಳ್ಳಿಯ ಆಚೆ, ಗುಡ್ಡ ಶುರುವಾಗುವ ಕಡೆ, ಸೋಮಶೇಖರಪ್ಪ ಎಂಬುವರು ಒಂದು ಭಟ್ಟಿ ಇಟ್ಟಿದ್ದರು. ಅದನ್ನು ನಡೆಸುವುದು ನಜೀರನ ಕೆಲಸ. ಗುಡ್ಡದಿಂದ ಕೊಯ್ದು ತಂದ ಮಜ್ಜಿಗೆ ಹುಲ್ಲನ್ನು ದೊಡ್ಡ ತಾಮ್ರದ ಹಂಡೆಗೆ ತುಂಬಿ, ನೀರು ಹಾಕಿ, ಮುಚ್ಚಳ ಬಿಗಿದು ಬೆಂಕಿ ಒಡ್ಡಬೇಕು. ಹಬೆ ಒಂದು ಕೊಳವೆಯಲ್ಲಿ ಹಾದು, ತಣ್ಣೀರಿನ ತೊಟ್ಟಿಯೊಳಗೆ ತಣಿದು, ಸೀಸೆಗೆ ತೊಟ್ಟಿಕ್ಕುತ್ತದೆ. ನೀರಿನ ಮೇಲೆ ಹಳದಿ ಎಣ್ಣೆ ತೇಲುತ್ತದೆ. ಹುಲ್ಲಿಲ್ಲದ ತಿಂಗಳುಗಳಲ್ಲಿ ನೀಲಗಿರಿ ಎಲೆ. ಹನ್ನೊಂದು ವರ್ಷ ಹೀಗೆ ನಡೆಯಿತು.

ಸಾವಿರದ ಒಂಬೈನೂರ ಎಪ್ಪತ್ನಾಲ್ಕರ ದಸರಾ ರಜೆಯಲ್ಲಿ ಅವನ ಒಬ್ಬಳೇ ಮಗಳು ಬಷೀರುನ್ನೀಸಾ ತಾನೂ ಭಟ್ಟಿಗೆ ಬರುತ್ತೇನೆಂದು ಹಟ ಹಿಡಿದಳು. ಮನೆಯಲ್ಲಿ ಅವಳನ್ನು ನೀಸಾ ಎನ್ನುತ್ತಿದ್ದರು. ಒಂಬತ್ತು ವರ್ಷ. ಅವಳಿಗೆ ಆ ವಾಸನೆ ಇಷ್ಟ. ಬೆಳಗಿನ ಬಸ್ಸಿನಲ್ಲಿ ಅಪ್ಪ ಮಗಳು ಹೋದರು.

ಅಂದು ಎಣ್ಣೆ ಇಳಿಯುವುದು ನಿಧಾನವಾಗಿತ್ತು. ಕೊಳವೆಯ ಬಾಯಿಗೆ ಹುಲ್ಲಿನ ಚೂರು ಸಿಕ್ಕಿಕೊಂಡಿರಬಹುದೆಂಬ ಅನುಮಾನ ನಜೀರನಿಗೆ ಬಂದಿತ್ತು. ಬೆಂಕಿ ಎಳೆದು, ಹಂಡೆ ತಣಿಯಲು ಬಿಟ್ಟು, ಮುಚ್ಚಳ ಬಿಚ್ಚಿ ನೋಡಿದ್ದರೆ ಅರ್ಧ ದಿನ ಹಿಡಿಯುತ್ತಿತ್ತು. ಅವನು ಇನ್ನೆರಡು ಸೌದೆ ಒಡ್ಡಿದ. ನೀಸಾ ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹನಿಗಳನ್ನು ಎಣಿಸುತ್ತಿದ್ದಳು. ‘ಅಬ್ಬಾ, ನಿಂತೇ ಹೋಯ್ತು’ ಎಂದು ಅವಳು ಅಪ್ಪನನ್ನು ಕೂಗಿದ್ದೂ, ಮುಚ್ಚಳ ಹಾರಿದ್ದೂ ಒಟ್ಟಿಗೇ ಆಯಿತು. ಕುದಿಯುವ ನೀರು, ಬೆಂದ ಹುಲ್ಲು, ಹಬೆ ಎಲ್ಲಾ ಅವಳ ಎಡಗಿವಿಯ ಕೆಳಗಿನಿಂದ ಕತ್ತು, ಹೆಗಲು, ಎದೆಯ ತನಕ ಬಿತ್ತು.

ನಜೀರ್ ಅವಳನ್ನು ಎತ್ತಿ ತೊಟ್ಟಿಯ ತಣ್ಣೀರಿಗೆ ಇಳಿಸಿದ. ಆಮೇಲೆ ದಾರಿಯಲ್ಲಿ ಸಿಕ್ಕ ಲಾರಿ ಹತ್ತಿಸಿಕೊಂಡು ತರೀಕೆರೆಯ ಆಸ್ಪತ್ರೆಗೆ ತಂದ. ದಾರಿಯುದ್ದಕ್ಕೂ ಹುಡುಗಿ ಅಳಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು, ಅಷ್ಟೆ.

ಎರಡೂವರೆ ತಿಂಗಳು ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚಿ ಕಟ್ಟಿದವರು ನರ್ಸ್ ಸಾವಿತ್ರಮ್ಮ. ಕಡೂರು ತಾಲ್ಲೂಕಿನ ಪಂಚನಹಳ್ಳಿಯವರು, ಆಗ ಮೂವತ್ತರ ಆಸುಪಾಸು. ಜೋರು ಬಾಯಿ, ಹಗುರ ಕೈ. ಈ ಕಥೆಯಲ್ಲಿ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಅವರ ಬಾಯಿಂದ ಕೇಳಿದ್ದು. ಗಾಯ ಚೆನ್ನಾಗಿಯೇ ಮಾಯಿತು. ಸಂಕ್ರಾಂತಿಯ ಹೊತ್ತಿಗೆ ತೆಳ್ಳನೆಯ ಗುಲಾಬಿ ಚರ್ಮ ಬಂದಿತ್ತು. ನೀಸಾಳ ತಾಯಿ ಸುಗ್ರಾಬಿ ಆಸ್ಪತ್ರೆಯವರಿಗೆಲ್ಲ ಸಕ್ಕರೆ ಹಂಚಿ ಮಗಳನ್ನು ಮನೆಗೆ ಕರೆದುಕೊಂಡು ಹೋದಳು.

ಯುಗಾದಿ ಕಳೆದ ಮೇಲೆ ಆ ಗುಲಾಬಿ ಚರ್ಮ ಏಳತೊಡಗಿತು.

ಮೊದಲು ಕಿವಿಯ ಕೆಳಗೆ ದಾರದಷ್ಟು. ಆಮೇಲೆ ಹಗ್ಗದಷ್ಟು. ಮಳೆಗಾಲ ಮುಗಿಯುವುದರೊಳಗೆ ಕತ್ತಿನಿಂದ ಎದೆಯವರೆಗೆ ಕೆಂಪಗೆ, ಹೊಳೆಯುವ, ಗಟ್ಟಿ ಗಂಟುಗಳು, ಯಾರೋ ಚರ್ಮದ ಕೆಳಗೆ ಬೇರು ನೆಟ್ಟ ಹಾಗೆ. ಕತ್ತಿನ ಗಂಟು ಬಿಗಿಯಾಗುತ್ತಾ ಗದ್ದವನ್ನು ಎಡಕ್ಕೆ ಎಳೆಯಿತು. ಬಲಗಡೆಯಿಂದ ಯಾರಾದರೂ ಕರೆದರೆ ಅವಳು ಇಡೀ ಮೈ ತಿರುಗಿಸಬೇಕಿತ್ತು. ಅದಕ್ಕಿಂತ ಕಷ್ಟ ಕಡಿತ. ಬೆವರು ಬಂದರೆ ಸಾಕು, ಗಂಟಿನ ಒಳಗಿನಿಂದ ಇರುವೆ ಹರಿದಂತಾಗುತ್ತಿತ್ತು. ಕೆರೆದುಕೊಂಡರೆ ರಕ್ತ, ಬಿಟ್ಟರೆ ತಡೆಯಲಾಗದು. ಮಧ್ಯಾಹ್ನದ ಹೊತ್ತು ಸುಗ್ರಾಬಿ ಮಗಳ ಎರಡೂ ಕೈಗಳನ್ನು ತನ್ನ ತೊಡೆಯ ಮೇಲೆ ಹಿಡಿದುಕೊಂಡು ಕೂರುತ್ತಿದ್ದಳು.

ತರೀಕೆರೆಯ ಡಾಕ್ಟರು ನೋಡಿ ಹೇಳಿದರು: ‘ಇದಕ್ಕೆ ಕೆಲಾಯ್ಡ್ ಅಂತಾರೆ. ಗಾಯ ಮಾಯ್ದಿದೆ. ಆದ್ರೆ ಈ ಚರ್ಮಕ್ಕೆ ಸಾಕು ಅಂತ ನಿಲ್ಸೋದು ಗೊತ್ತಾಗ್ತಿಲ್ಲ. ಕೆಲವರ ಚರ್ಮ ಹಂಗೆ.’

‘ಮದ್ದು?’

‘ಕೊಯ್ದು ತೆಗೀಬಹುದು. ಮತ್ತೆ ಬರಲ್ಲ ಅಂತ ಮಾತ್ರ ಯಾರೂ ಹೇಳೋಕಾಗಲ್ಲ.’

ನಜೀರ್ ಕೇಳಿಸಿಕೊಂಡದ್ದು ಮೊದಲ ಮಾತನ್ನಷ್ಟೆ. ಎಪ್ಪತ್ತೇಳರಲ್ಲಿ ಶಿವಮೊಗ್ಗದ ಒಬ್ಬ ಸರ್ಜನ್ ಹತ್ತಿರ ಕೊಯ್ಯಿಸಿದ. ಅವರೂ ಅದೇ ಎಚ್ಚರಿಕೆ ಕೊಟ್ಟಿದ್ದರು. ಆರು ತಿಂಗಳು ಕತ್ತು ನೇರವಾಗಿತ್ತು. ನೀಸಾ ಕನ್ನಡಿಯಲ್ಲಿ ಎರಡೂ ಕಡೆ ತಿರುಗಿ ತಿರುಗಿ ನೋಡಿಕೊಂಡಳು. ಏಳನೆಯ ತಿಂಗಳು ಹೊಲಿಗೆ ಹಾಕಿದ್ದ ಗೆರೆ ಕೆಂಪಾಯಿತು. ವರ್ಷದೊಳಗೆ ಮೊದಲಿದ್ದದ್ದರ ಎರಡರಷ್ಟು ಬಂದು ಕೂತಿತು. ಸೂಜಿ ಚುಚ್ಚಿದ ಒಂದೊಂದು ತೂತೂ ಒಂದೊಂದು ಮಣಿಯಾಗಿ ಎದ್ದಿತ್ತು.

ಆ ವರ್ಷ ಅವಳು ಶಾಲೆ ಬಿಟ್ಟಳು. ಯಾರೂ ಬಿಡಿಸಲಿಲ್ಲ. ಒಂದು ದಿನ ಚೀಲ ತಂದು ಗೂಟಕ್ಕೆ ನೇತುಹಾಕಿದಳು, ಮಾರನೆಯ ದಿನ ತೆಗೆದುಕೊಳ್ಳಲಿಲ್ಲ. ಪಕ್ಕದ ಮನೆಯವರ ಹೊಲಿಗೆ ಯಂತ್ರದಲ್ಲಿ ಕಲಿತು ಕತ್ತಿನವರೆಗೂ ಗುಂಡಿ ಬರುವ ಕುಪ್ಪಸಗಳನ್ನು ತನಗೆ ತಾನೇ ಹೊಲಿದುಕೊಂಡಳು.

ಸುಗ್ರಾಬಿ ಗಂಡನನ್ನು ಒಂದು ಮಾತೂ ಬೈದವಳಲ್ಲ. ಆದರೆ ಅವನು ಭಟ್ಟಿಯಿಂದ ಬಂದರೆ ಹಿತ್ತಲಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಒಳಗೆ ಬರಬೇಕು. ಆ ವಾಸನೆ ಮನೆಯೊಳಗೆ ಬರಕೂಡದು. ಅಷ್ಟೇ ಅವಳ ಮಾತು. ನಜೀರನಿಗೆ ಬೈಗುಳವಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಎಪ್ಪತ್ತೆಂಟರ ಬೇಸಿಗೆಯಲ್ಲಿ, ಕೊಳವೆ ತೊಳೆಯುತ್ತಾ ಅವನು ತನ್ನ ಮುಂಗೈಗಳನ್ನು ನೋಡಿಕೊಂಡ. ಹದಿನೈದು ವರ್ಷದ ಸುಟ್ಟ ಗಾಯಗಳು. ಹಂಡೆ ತಾಗಿದ್ದು, ಹಬೆ ಹೊಡೆದದ್ದು, ಕೆಂಡ ಸಿಡಿದದ್ದು. ಎಲ್ಲವೂ ಚಪ್ಪಟೆ. ಬೆರಳಾಡಿಸಿದರೆ ಗೊತ್ತೇ ಆಗದು. ಆ ಕೈಗಳು ಹದಿನೈದು ವರ್ಷವೂ ಎಣ್ಣೆಯಲ್ಲೇ ನೆಂದಿದ್ದವು. ಮದ್ದು ತನ್ನ ಕೈಯಲ್ಲೇ ಇತ್ತು, ನಾಲ್ಕು ವರ್ಷ ತಾನು ಕುರುಡನಾಗಿದ್ದೆ ಎಂದುಕೊಂಡ.

ಸುಗ್ರಾಬಿ ಕಡೂರಿನ ತಂಗಿಯ ಮನೆಗೆ ಹೋಗಿದ್ದ ದಿನ ಅವನು ಹೊಸದಾಗಿ ಇಳಿಸಿದ ಹುಲ್ಲಿನೆಣ್ಣೆಯ ಸೀಸೆ ಮನೆಗೆ ತಂದ. ನೀಸಾಳನ್ನು ಕೂರಿಸಿ, ಏನೂ ಬೆರೆಸದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಗಂಟಿನ ಉದ್ದಕ್ಕೂ ಒತ್ತಿದ.

ಒಂದು ನಿಮಿಷ ತಣ್ಣಗಿತ್ತು. ಆಮೇಲೆ ಅವಳು ಚೀರಿದಳು. ‘ನಕ್ಕೋ ಅಬ್ಬಾ! ಬೇಡ! ಮತ್ತೆ ಸುಡ್ತಿದೀರಿ ನನ್ನ!’

‘ಸ್ವಲ್ಪ ತಡ್ಕೋ ಬೇಟಾ, ಕೆಲ್ಸ ಮಾಡ್ತಿದೆ ಅದು, ತಡ್ಕೋ’ ಎಂದು ಊದುತ್ತಾ ಅವನು ಅವಳ ಕೈಗಳನ್ನು ಹಿಡಿದುಕೊಂಡಿದ್ದ. ನೀರಿನಲ್ಲಿ ತೊಳೆದರೂ ಎಣ್ಣೆ ಹೋಗಲಿಲ್ಲ. ಸಂಜೆಗೆ ಗಂಟಿನ ಅಂಚಿನುದ್ದಕ್ಕೂ ಬೊಕ್ಕೆ ಎದ್ದವು. ಬೊಕ್ಕೆ ಒಡೆದು, ಹುಣ್ಣಾಗಿ, ಮಾಯ್ದು, ಮಾಯ್ದ ಜಾಗವೆಲ್ಲ ಮತ್ತೆ ಉಬ್ಬಿತು. ಗಂಟು ಮೊದಲಿಗಿಂತ ಎರಡು ಬೆರಳು ಅಗಲವಾಯಿತು.

ಊರಿಂದ ಬಂದ ಸುಗ್ರಾಬಿ ಮಗಳ ಕತ್ತು ನೋಡಿದಳು, ಸೀಸೆ ನೋಡಿದಳು. ಅಂದು ಮಾತ್ರ ಬಾಯಿ ಬಿಟ್ಟಳು. ‘ಒಂದು ಸಲ ಕೈತಪ್ಪಿ ಆಯ್ತು ಅಂತ ಸುಮ್ನಿದ್ದೆ. ಈ ಸಲ ಕೈಯಾರೆ ಮಾಡಿದ್ರಲ್ಲ’ ಎಂದಳು. ನಜೀರ್ ಆ ದಿನದಿಂದ ಹೊರಜಗಲಿಯಲ್ಲಿ ಮಲಗಿದ. ನೀಸಾ ಅಪ್ಪ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ನಜೀರನಿಗೆ ಹಿಡಿದುಕೊಳ್ಳಲು ಬೇರೇನೂ ಉಳಿದಿರಲಿಲ್ಲ. ಎಣ್ಣೆಯಲ್ಲಿ ಮದ್ದಿದೆ, ಪ್ರಮಾಣ ತಪ್ಪಿತು ಅಷ್ಟೆ ಎಂಬ ಒಂದೇ ಯೋಚನೆ. ಯಾವ ಎಣ್ಣೆ, ಎಷ್ಟು, ಯಾವುದರ ಜೊತೆ ಬೆರೆಸಬೇಕು? ಮಗಳ ಮೇಲೆ ನೋಡುವ ಹಾಗಿಲ್ಲ. ಬೇರೆಯವರ ಮೇಲೆ ನೋಡಲು ಯಾರು ಒಪ್ಪುತ್ತಾರೆ?

ಎಪ್ಪತ್ತೊಂಬತ್ತರ ಕಾರ್ತಿಕದಲ್ಲಿ ಒಂದು ದಿನ, ಭಟ್ಟಿಯಲ್ಲಿ ಯಾರೂ ಇಲ್ಲದಾಗ, ಕೆಂಡ ಕೆದಕುವ ಕಬ್ಬಿಣದ ಸಲಾಕೆಯನ್ನು ಕಾಯಿಸಿ ತನ್ನ ಎಡತೊಡೆಯ ಮೇಲೆ ಐದು ಬರೆ ಎಳೆದುಕೊಂಡ. ಒಂದರ ಕೆಳಗೊಂದು, ಅಂಗುಲ ಅಂಗುಲ ಬಿಟ್ಟು. ಮೊದಲನೆಯದಕ್ಕೆ ಹುಲ್ಲಿನೆಣ್ಣೆ, ಎರಡನೆಯದಕ್ಕೆ ನೀಲಗಿರಿ, ಮೂರನೆಯದಕ್ಕೆ ಎರಡೂ ಸೇರಿದ್ದು, ನಾಲ್ಕನೆಯದಕ್ಕೆ ಬರೀ ಕೊಬ್ಬರಿ ಎಣ್ಣೆ, ಕೊನೆಯದಕ್ಕೆ ಏನೂ ಇಲ್ಲ. ಎಲ್ಲವೂ ಉಬ್ಬಲಿ, ಯಾವುದು ಮೊದಲು ಇಳಿಯುತ್ತದೋ ನೋಡೋಣ ಎಂಬುದು ಅವನ ಲೆಕ್ಕಾಚಾರ.

ಮೂರನೆಯ ಬರೆ ಕೀವಾಯಿತು. ಜ್ವರ ಏರಿ, ಕಾಲು ಎಳೆಯುತ್ತಾ ಆಸ್ಪತ್ರೆಗೆ ಬಂದಾಗ ಪಟ್ಟಿ ಕಟ್ಟಲು ಬಂದವರು ಸಾವಿತ್ರಮ್ಮನೇ. ಪಂಚೆ ಸರಿಸಿ ನೋಡಿದರು.

‘ಇದೇನ್ರೀ ಸಾಬ್ರೇ? ಯಾರು ಹಾಕಿದ್ದು ಬರೆ?’

‘ಹಂಡೆ ತಾಗ್ತು ಸಿಸ್ಟರ್.’

‘ಹಂಡೆ ಇಂಚುಪಟ್ಟಿ ಹಿಡ್ಕಂಡು ತಾಗ್ತಾ? ನಿಜ ಹೇಳ್ತೀರೋ ಡಾಕ್ಟ್ರನ್ನ ಕರೀಲೋ?’

ಅವನು ಹೇಳಿದ. ಹೇಳುತ್ತಾ ಹೇಳುತ್ತಾ ಮುಂಗೈಗಳನ್ನು ಚಾಚಿ ಹಳೆಯ ಕಲೆಗಳನ್ನೂ ತೋರಿಸಿದ. ಸಾವಿತ್ರಮ್ಮ ಕೀವು ತೊಳೆಯುತ್ತಲೇ ಕೇಳಿಸಿಕೊಂಡರು. ಆಮೇಲೆ, ‘ಸಾಬ್ರೇ, ನಿಮ್ದು ಉಬ್ಬೋ ಚರ್ಮ ಅಲ್ಲ ಕಣ್ರೀ. ಎಣ್ಣೆ ಹಚ್ಚಿದ್ರೂ ಉಬ್ಬಲ್ಲ, ಸಗಣಿ ಬಳಿದ್ರೂ ಉಬ್ಬಲ್ಲ. ನಿಮ್ಮ ಚರ್ಮ ಬೇರೆ, ಮಗೀನ ಚರ್ಮ ಬೇರೆ. ಬೇಕಾದ್ರೆ ನೋಡ್ತಿರಿ, ಇವು ಐದೂ ಇಳ್ದೋಗ್ತವೆ. ಏನೂ ಹಚ್ಚದೇ ಇರೋದೂನೂ’ ಎಂದರು.

ನಾಲ್ಕು ತಿಂಗಳು ಅವನು ಕಾದ. ಐದೂ ಇಳಿದವು. ಏನೂ ಹಚ್ಚದ ಐದನೆಯದು ಎಲ್ಲಕ್ಕಿಂತ ಚೆನ್ನಾಗಿ ಇಳಿದಿತ್ತು. ಆ ದಿನ ನಜೀರ್ ಭಟ್ಟಿಯ ಮುಂದೆ ಕೂತು ಎರಡು ಕೈಯಿಂದಲೂ ತೊಡೆಗೆ ಹೊಡೆದುಕೊಂಡು ಅತ್ತ. ಹದಿನೈದು ವರ್ಷ ನೆನೆಸಿದ್ದ ಎಣ್ಣೆ ಅವನ ಕೈಗಳಿಗೆ ಏನೂ ಮಾಡಿರಲಿಲ್ಲ. ಮಗಳ ಮೈಗೆ ಕೊಟ್ಟ ಮದ್ದು ಬರೀ ತನ್ನ ಅದೃಷ್ಟದ ಚರ್ಮವನ್ನು ನೋಡಿ ಕಟ್ಟಿಕೊಂಡ ಕನಸು. ಹಂಡೆಯನ್ನು ಗುಡ್ಡದಿಂದ ಉರುಳಿಸಿಬಿಡೋಣ ಎಂದೆದ್ದವನು, ಅದು ತನ್ನದಲ್ಲವೆಂದು ನೆನಪಾಗಿ ಮತ್ತೆ ಕೂತ.

ಬರೆಯ ವಿಷಯ ಮನೆಗೂ ತಿಳಿಯಿತು. ತಿಳಿಸಿದವರು ಸಾವಿತ್ರಮ್ಮ. ಸುಗ್ರಾಬಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನೀಸಾ ಮಾತ್ರ ಎರಡು ವರ್ಷದಲ್ಲಿ ಮೊದಲ ಸಲ ಅಪ್ಪನ ಎದುರು ಬಂದು ನಿಂತಳು. ಅವಳಿಗೆ ಆಗ ಹದಿನೈದು.

‘ನೀವು ಸುಟ್ಕೊಂಡ್ರೆ ನಂಗೇನು ಸಿಗುತ್ತೆ ಅಬ್ಬಾ?’

ಅವನು ತಲೆ ತಗ್ಗಿಸಿದ.

‘ಇಲ್ಲಿ ನೋಡಿ. ಕತ್ತಲ್ಲ. ನನ್ನ ನೋಡಿ. ಐದು ವರ್ಷದಿಂದ ನೀವು ಈ ಗಂಟಿನ ಹತ್ರ ಮಾತಾಡಿದೀರಿ. ನನ್ನ ಹತ್ರ ಮಾತಾಡಿಲ್ಲ.’

ನಜೀರ್ ತಲೆ ಎತ್ತಿ ನೋಡಿದ. ಮಗಳು ಬೆಳೆದುಬಿಟ್ಟಿದ್ದಳು. ಅವಳ ಹುಬ್ಬು ಅವಳ ಅಜ್ಜಿಯ, ಅಂದರೆ ತನ್ನ ತಾಯಿಯ ಹುಬ್ಬಿನಂತೆ ಇದೆಯೆಂಬುದನ್ನು ಅವನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಸಾವಿತ್ರಮ್ಮನ ಮನಸ್ಸಿನಿಂದಲೂ ಅವನ ಐದು ಬರೆಗಳು ಹೋಗಲಿಲ್ಲ. ಒಂದು ಭಾನುವಾರ ಅವರೇ ನಜೀರನ ಮನೆಗೆ ಬಂದು, ಸುಗ್ರಾಬಿಯ ಎದುರಲ್ಲೇ ಎಡತೋಳಿನ ರವಿಕೆ ಮೇಲಕ್ಕೆ ಸರಿಸಿದರು. ಚಿಕ್ಕವರಿದ್ದಾಗ ಸಿಡುಬು ಬಾರದಂತೆ ದಾಕು ಹಾಕಿಸಿಕೊಂಡ ಜಾಗದಲ್ಲಿ ಹುಣಸೆ ಬೀಜದಂಥ ಎರಡು ಗಂಟುಗಳು, ಒಂದರ ಕೆಳಗೆ ಒಂದು.

‘ನಂದೂ ಉಬ್ಬೋ ಚರ್ಮವೇ. ಇಪ್ಪತ್ತೈದು ವರ್ಷದಿಂದ ಕಡಿತ ಇದೆ. ನೋಡೋದಿದ್ರೆ ಇದರ ಮೇಲೆ ನೋಡಿ. ನಿಮ್ಮ ತೊಡೆ ಬಿಟ್ಬಿಡಿ.’

ಷರತ್ತುಗಳನ್ನೂ ಅವರೇ ಹಾಕಿದರು. ಹಸಿ ಎಣ್ಣೆ ಮುಟ್ಟುವ ಹಾಗಿಲ್ಲ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಹುಲ್ಲಿನೆಣ್ಣೆ ಎರಡೇ ಹನಿ. ಮೊದಲು ಮೊಣಕೈ ಒಳಗೆ ಒಂದು ತೊಟ್ಟು ಹಚ್ಚಿ ಎರಡು ದಿನ ನೋಡಬೇಕು. ಕೆಂಪಾಗದಿದ್ದರೆ ಮಾತ್ರ ಮುಂದೆ. ಮೇಲಿನ ಗಂಟಿಗೆ ಹುಲ್ಲಿನೆಣ್ಣೆ ಬೆರೆಸಿದ್ದು, ಕೆಳಗಿನದಕ್ಕೆ ಬರೀ ಕೊಬ್ಬರಿ ಎಣ್ಣೆ. ಎರಡನ್ನೂ ದಿನಾ ಒಂದೇ ಹೊತ್ತು ತಿಕ್ಕುವುದು. ತಿಂಗಳಿಗೊಮ್ಮೆ ದಾರ ಸುತ್ತಿ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು.

ನಜೀರ್ ಪ್ರತಿ ತಿಂಗಳ ಮೊದಲ ಭಾನುವಾರ ಕೂತು ದಾರ ನೋಡಿದ. ಒಂದು ತಿಂಗಳು, ಎರಡು ತಿಂಗಳು, ಆರು ತಿಂಗಳು. ಎರಡು ಗಂಟುಗಳೂ ಮೆತ್ತಗಾದವು. ಮೇಲಿನದೂ ಮೆತ್ತಗೆ, ಕೆಳಗಿನದೂ ಮೆತ್ತಗೆ. ದಾರದ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ, ಅದೂ ಒಂದು ತಿಂಗಳು ಹೀಗೆ, ಒಂದು ತಿಂಗಳು ಹಾಗೆ.

‘ಅಂದ್ರೆ ತಿಕ್ಕಿದ್ದಕ್ಕೆ ಮೆತ್ತಗಾಗಿದೆ. ಎಣ್ಣೆಯಿಂದಲ್ಲ’ ಎಂದ ನಜೀರ್. ಅವನ ಧ್ವನಿಯಲ್ಲಿ ಜೀವವಿರಲಿಲ್ಲ.

‘ಇರ್ಬೋದು. ಆದ್ರೆ ಒಂದು ಮಾತು. ಮೇಲಿನದ್ರಲ್ಲಿ ಕಡಿತ ನಿಂತೋಗಿದೆ. ಕೆಳಗಿಂದು ಇನ್ನೂ ಕಡೀತದೆ. ಸುಳ್ಳು ಹೇಳ್ತಿಲ್ಲ ನಾನು.’

ಒಂದು ತಿಂಗಳು ಎಣ್ಣೆ ಅದಲು ಬದಲು ಮಾಡಿ ನೋಡಿದರು. ಕೆಳಗಿನ ಗಂಟಿನ ಕಡಿತವೂ ಕಮ್ಮಿಯಾಯಿತು. ಎಣ್ಣೆಯಿಂದಲೋ, ಆಗಲಿ ಎಂಬ ಆಸೆಯಿಂದಲೋ ಅವರಿಗೇ ಖಾತ್ರಿಯಿರಲಿಲ್ಲ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದರು.

ನಜೀರ್ ಈ ಸಲ ಮಗಳನ್ನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಅವಳೇ ಒಂದು ದಿನ ಸಾವಿತ್ರಮ್ಮನನ್ನು ಕೇಳಿದಳು. ‘ಗಂಟು ಇಳೀತಾ?’

‘ಇಲ್ಲ.’

‘ಕಡಿತ?’

‘ಅದು ಹೋಗಿದೆ.’

‘ಕಡಿತ ಹೋದ್ರೆ ಸಾಕು ನಂಗೆ. ನಾನೇ ಹಚ್ಕೋತೀನಿ. ಅಬ್ಬಾ ಮುಟ್ಟಬಾರದು. ಕೇಳಬಾರದು. ನಾನಾಗಿ ಕರೆಯೋ ತನಕ ನೋಡಬಾರದು.’

ನಜೀರ್ ಒಪ್ಪಿಕೊಂಡ. ಹಚ್ಚುವ ಎಣ್ಣೆಯನ್ನು ಸೀಸೆಗೆ ತುಂಬಿ ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದ. ಖಾಲಿ ಸೀಸೆ ಹೊರಗೆ ಬಂದರೆ ಮತ್ತೆ ತುಂಬುತ್ತಿದ್ದ. ಒಳಗೆ ಏನಾಗುತ್ತಿದೆ ಎಂದು ಎಂಟು ತಿಂಗಳು ಅವನಿಗೆ ಗೊತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಮತ್ತೆ ಬೊಕ್ಕೆ ಎದ್ದಿದ್ದರೆ, ಮತ್ತೆ ಅಗಲವಾಗಿದ್ದರೆ, ಎಂದು ಸುಗ್ರಾಬಿಯ ಮುಖ ನೋಡುತ್ತಿದ್ದ. ಅವಳ ಮುಖದಲ್ಲಿ ಏನೂ ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾತ್ರ, ಬಿರು ಬಿಸಿಲಲ್ಲಿ, ಒಳಗಿನಿಂದ, ನೀಸಾಳಿಗೆಂದು ತಂದಿದ್ದ ಹೊಲಿಗೆ ಯಂತ್ರದ ಸದ್ದು ನಿಲ್ಲದೆ ಎರಡು ಗಂಟೆ ಕೇಳಿಸಿತು. ಮೊದಲಾದರೆ ಆ ಹೊತ್ತಿನಲ್ಲಿ ಅವಳ ಕೈಗಳನ್ನು ತಾಯಿ ಹಿಡಿದುಕೊಂಡಿರಬೇಕಿತ್ತು.

ಕಡಿತ ತಗ್ಗಿದರೂ ಕತ್ತು ತಿರುಗುತ್ತಿರಲಿಲ್ಲ. ಎಂಬತ್ತೆರಡರಲ್ಲಿ ಸಾವಿತ್ರಮ್ಮ ರಜೆ ಹಾಕಿ ತಾಯಿ ಮಗಳನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಜೀರನೂ ಹಿಂದೆ ಹೋದ. ಅಲ್ಲಿನ ಡಾಕ್ಟರು ಕತ್ತನ್ನು ಎಳೆಯುತ್ತಿದ್ದ ಕಲೆಯನ್ನು ಮಾತ್ರ ಕೊಯ್ದು ಬಿಡಿಸಿ, ಅವಳದೇ ತೊಡೆಯ ಚರ್ಮ ತಂದು ಕೂರಿಸಿದರು. ಮತ್ತೆ ಏಳದ ಹಾಗೆ ಗಂಟಿನೊಳಕ್ಕೇ ತಿಂಗಳಿಗೊಂದು ಸೂಜಿಮದ್ದು. ಜೊತೆಗೆ ಹಗಲೂ ರಾತ್ರಿ ಬಿಗಿಯಾದ ಪಟ್ಟಿ ಒತ್ತಿರಬೇಕು ಎಂದರು. ಆಸ್ಪತ್ರೆಯಲ್ಲಿ ಕೊಟ್ಟ ಪಟ್ಟಿ ಜಾರುತ್ತಿತ್ತು. ನೀಸಾ ಅದನ್ನು ಬಿಚ್ಚಿ ನೋಡಿ, ದಪ್ಪ ಬನಿಯನ್ ಬಟ್ಟೆ ಮತ್ತು ಎಲಾಸ್ಟಿಕ್ ಸೇರಿಸಿ, ತನ್ನ ಕತ್ತಿಗೂ ಹೆಗಲಿಗೂ ಸರಿಯಾಗಿ ಕೂರುವ ಕಾಲರೊಂದನ್ನು ತಾನೇ ಹೊಲಿದಳು. ಡಾಕ್ಟರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ‘ಇನ್ನೊಂದು ಹೊಲಿದು ಕೊಡ್ತೀಯಾ? ವಾರ್ಡಿನಲ್ಲಿ ಒಂದು ಮಗು ಇದೆ’ ಎಂದರಂತೆ.

ಎರಡು ವರ್ಷ ಸೂಜಿ, ಕಾಲರು, ಎಣ್ಣೆಯ ತಿಕ್ಕುವಿಕೆ ಒಟ್ಟಿಗೇ ನಡೆದವು. ಕತ್ತಿನ ಗಂಟು ಅರ್ಧಕ್ಕೆ ಇಳಿಯಿತು. ಗದ್ದ ನೇರವಾಯಿತು. ಎದೆಯ ಮೇಲಿನದು ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ. ಅಲ್ಲಿ ಸೂಜಿಯ ನೋವು ತಡೆಯಲಾರೆ ಎಂದು ನೀಸಾ ಅದನ್ನು ಬಿಟ್ಟುಬಿಟ್ಟಳು, ಬರೀ ಎಣ್ಣೆ ತಿಕ್ಕಿದಳು.

ಕೊನೆಯ ಸಲ ಹೋದಾಗ ನಜೀರ್ ಆ ನೋಟ್‌ಬುಕ್ಕನ್ನು ಡಾಕ್ಟರ ಮೇಜಿನ ಮೇಲೆ ಇಟ್ಟ. ಅವರು ನಗಲಿಲ್ಲ. ಎಲ್ಲಾ ಪುಟ ಓದಿದರು.

‘ನನ್ನ ಎಣ್ಣೆಯಿಂದ ಏನಾದ್ರೂ ಆಯ್ತಾ ಸಾರ್?’

‘ಗೊತ್ತಿಲ್ಲ.’

‘ಒಂದು ಪಾಲಾದ್ರೂ?’

‘ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಸೂಜಿ ಕೊಟ್ಟಿದೀವಿ, ಒತ್ತು ಕೊಟ್ಟಿದೀವಿ, ತಿಕ್ಕಿದೀರಿ. ಇದ್ರಲ್ಲಿ ಯಾವುದು ಎಷ್ಟು ಮಾಡ್ತು ಅಂತ ಬಿಡಿಸಿ ಹೇಳೋಕೆ ಬರಲ್ಲ. ಎಣ್ಣೆಯಲ್ಲಿ ಏನಾದ್ರೂ ಇರಬಹುದು. ಇಲ್ಲದೇನೂ ಇರಬಹುದು. ನೂರು ಜನರ ಮೇಲೆ ಸರಿಯಾಗಿ ನೋಡಬೇಕು. ನಿಮ್ಮದು ಎರಡೇ ಜನ.’

ಹತ್ತು ವರ್ಷದ ಕೊನೆಗೆ ನಜೀರನಿಗೆ ಸಿಕ್ಕಿದ್ದು ಈ ಉತ್ತರ. ಇಲ್ಲ ಎಂದಿದ್ದರೆ ಅತ್ತು ಮುಗಿಸಬಹುದಿತ್ತು, ಹೌದು ಎಂದಿದ್ದರೆ ತಲೆ ಎತ್ತಬಹುದಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವನು ತರೀಕೆರೆಯವರೆಗೂ ನೋಟ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದ ಎಂದು ಸಾವಿತ್ರಮ್ಮ ಹೇಳುತ್ತಾರೆ.

ಸುದ್ದಿ ಮಾತ್ರ ಹೇಗೋ ಹರಡಿತು. ನಜೀರ್ ಸಾಬರ ಮಗಳ ಕತ್ತು ಎಣ್ಣೆಯಿಂದ ನೇರವಾಯಿತಂತೆ ಎಂದು. ಭಟ್ಟಿಯ ಸೋಮಶೇಖರಪ್ಪನವರು ಕರೆದು, ಸೀಸೆಗೆ ಚೀಟಿ ಅಂಟಿಸಿ ಕಡೂರು, ಬೀರೂರಿನ ಅಂಗಡಿಗಳಿಗೆ ಕಳಿಸೋಣ ಎಂದರು.

‘ಏನಂತ ಬರೀಬೇಕು ಚೀಟೀಲಿ?’ ಎಂದು ಕೇಳಿದ ನಜೀರ್.

‘ಕಲೆ ಹೋಗುತ್ತೆ ಅಂತ.’

‘ಹೋಗಲ್ವಲ್ಲ ಯಜಮಾನ್ರೇ.’

‘ಏನಪ್ಪಾ, ನಿನ್ನ ಮಗಳ ಕತ್ತೇ ಸಾಕ್ಷಿ ಇದೆಯಲ್ಲ?’

‘ನನ್ನ ಮಗಳ ಎದೆನೂ ಸಾಕ್ಷಿ ಇದೆ’ ಎಂದು ಹೇಳಿ ನಜೀರ್ ಎದ್ದು ಬಂದ. ಸೋಮಶೇಖರಪ್ಪನವರು ಮತ್ತೆ ಆ ಮಾತೆತ್ತಲಿಲ್ಲ.

ಎಂಬತ್ತೈದರ ಹೊತ್ತಿಗೆ ಸಾವಿತ್ರಮ್ಮನಿಗೆ ಅಜ್ಜಂಪುರಕ್ಕೆ ವರ್ಗವಾಗಿತ್ತು. ಆ ವರ್ಷದ ಬೇಸಿಗೆಯಲ್ಲಿ ಅವರ ಚೀಟಿ ಹಿಡಿದುಕೊಂಡು ಅಲ್ಲಿಂದ ಕರಿಬಸಮ್ಮ ಎಂಬಾಕೆ ಬಂದಳು. ಇಪ್ಪತ್ತೆಂಟು ವರ್ಷದ ಹೆಂಗಸು. ಎರಡು ವರ್ಷದ ಹಿಂದೆ ಪಂಪ್ ಸ್ಟೋವ್ ಸಿಡಿದು ಬಲಗೈ, ಕತ್ತು ಸುಟ್ಟಿತ್ತು. ತಲೆಯ ಮೇಲೆ ಹೊದ್ದ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಗಂಡನ ಮನೆಯವರು ತವರಿಗೆ ಬಿಟ್ಟುಹೋಗಿ ವರ್ಷವಾಗಿತ್ತು. ಕಲೆ ಹೋದರೆ ಕರೆಸಿಕೊಳ್ಳುತ್ತೇವೆ ಎಂದಿದ್ದರಂತೆ.

‘ಹೆಂಗಾದ್ರೂ ಮಾಡಿ ಸಾಬ್ರೇ. ನಿಮ್ಮ ಕಾಲು ಹಿಡ್ಕೋತೀನಿ. ಇದೊಂದೇ ದಾರಿ ಉಳಿದಿರೋದು ನಂಗೆ.’

ಹೋಗುತ್ತೆ ಎಂದು ಹೇಳಿಬಿಡುವುದು ನಜೀರನಿಗೆ ಸುಲಭವಿತ್ತು. ‘ಅಮ್ಮಾ, ಕಡಿತ ಕಮ್ಮಿ ಆಗಬಹುದು. ಗಂಟು ಇಳಿಯುತ್ತೋ ಇಲ್ವೋ ನಂಗೆ ಗೊತ್ತಿಲ್ಲ. ಬೆಂಗಳೂರಿಗೆ ಹೋಗಿ ಸೂಜಿ ಹಾಕಿಸ್ಕೊಳ್ಳಿ. ಎಣ್ಣೆ ಒಂದನ್ನೇ ನಂಬಬೇಡಿ’ ಎಂದ.

ಅವಳು ಕೇಳಲಿಲ್ಲ. ‘ನಿಮ್ಮ ಮಗಳಿಗೆ ಹೋಯ್ತಂತಲ್ಲ, ನಂಗ್ಯಾಕೆ ಹೋಗಲ್ಲ?’ ಎಂದು ಅಳತೊಡಗಿದಳು.

ಒಳಗೆ ಯಂತ್ರದ ಸದ್ದು ನಿಂತಿತು. ನೀಸಾ ಹೊರಗೆ ಬಂದಳು. ಆಗ ಅವಳಿಗೆ ಇಪ್ಪತ್ತು ವರ್ಷ. ಊರಿನ ಅರ್ಧ ಹೆಣ್ಣುಮಕ್ಕಳ ರವಿಕೆ ಹೊಲಿಯುತ್ತಿದ್ದವಳು ಅವಳೇ, ಆದರೆ ಕುಪ್ಪಸದ ಮೇಲಿನ ಗುಂಡಿ ಬಿಚ್ಚಿ ಯಾರಿಗೂ ತೋರಿಸಿದವಳಲ್ಲ. ಅಪ್ಪನಿಗೆ ಒಳಗೆ ಹೋಗಿ ಎಂದು ಸನ್ನೆ ಮಾಡಿ, ಕರಿಬಸಮ್ಮನ ಎದುರು ಕೂತು, ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು.

‘ನೋಡಿ. ಹೋಗಿದೆಯಾ?’

ಕರಿಬಸಮ್ಮ ಅಳು ನಿಲ್ಲಿಸಿ ನೋಡಿದಳು. ಸೆರಗು ಹಲ್ಲಿನಿಂದ ಜಾರಿತು.

‘ಇಷ್ಟೇನಾ?’

‘ಇಷ್ಟೇ ಅಕ್ಕಾ. ಹತ್ತು ವರ್ಷಕ್ಕೆ ಇಷ್ಟು. ಮುಟ್ಟಿ ನೋಡಿ ಬೇಕಾದ್ರೆ.’

ಕರಿಬಸಮ್ಮ ಬೆರಳು ಚಾಚಿ, ಮೊದಲು ಕತ್ತಿನ ಮೆತ್ತಗಾದ ಜಾಗವನ್ನು, ಆಮೇಲೆ ಎದೆಯ ಕಲ್ಲಿನಂಥ ಜಾಗವನ್ನು ಮುಟ್ಟಿದಳು. ಆಮೇಲೆ ಅವಳು ಇನ್ನೂ ಜೋರಾಗಿ ಅತ್ತಳು. ನೀಸಾ ಸಮಾಧಾನ ಹೇಳಲು ಹೋಗಲಿಲ್ಲ. ಟೇಪು ತಂದು ಅವಳ ಕತ್ತು, ತೋಳು ಅಳೆದುಕೊಂಡಳು. ‘ಕಾಲರು, ತೋಳಿಗೊಂದು ಪಟ್ಟಿ ಹೊಲಿದು ಕೊಡ್ತೀನಿ. ಬಿಗಿಯಾಗಿ ಹಾಕ್ಕೊಳ್ಳಿ. ಅದು ಖಂಡಿತ ಸ್ವಲ್ಪ ಮಾಡುತ್ತೆ. ಎಣ್ಣೆ ಗೊತ್ತಿಲ್ಲ’ ಎಂದಳು.

ಮೊಣಕೈ ಒಳಗೆ ಒಂದು ತೊಟ್ಟು ಹಚ್ಚಿ, ಎರಡು ದಿನ ನೋಡಿ, ಆಮೇಲೆ ಹಚ್ಚಬೇಕೆಂದು ನಜೀರ್ ಮೂರು ಸಲ ಹೇಳಿ ಸೀಸೆ ಕೊಟ್ಟ. ಕರಿಬಸಮ್ಮ ಸೆರಗು ಸರಿಮಾಡಿಕೊಂಡು ನಾಲ್ಕು ಗಂಟೆಯ ಬಸ್ಸಿಗೆ ಹೋದಳು.

ಮೂರು ತಿಂಗಳಾದ ಮೇಲೆ ಖಾಲಿ ಸೀಸೆ ಹಿಡಿದು ಮತ್ತೆ ಬಂದಳು. ಗಂಟು ಇಳಿದಿರಲಿಲ್ಲ. ಗಂಡನ ಮನೆಯಿಂದ ಯಾರೂ ಬಂದಿರಲಿಲ್ಲ. ಬಿಸಿಲಿನ ಹೊತ್ತು ಕಡಿತ ಮೊದಲಿನಷ್ಟಿಲ್ಲ, ಅಂಗನವಾಡಿಯಲ್ಲಿ ಅಡುಗೆಗೆ ಹೋಗುತ್ತಿದ್ದೇನೆ ಎಂದಳು. ನಜೀರ್ ಮಗಳನ್ನು ಕೂಗಿ, ನೋಟ್‌ಬುಕ್ಕಿನಲ್ಲಿ ಮೂರನೆಯವರು ಎಂದು ಹಾಕಿಸಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಸಿದ. ಆಮೇಲೆ ಸೀಸೆ ತುಂಬಿಸಿ ಕೊಟ್ಟ.